ಬಾ, ಬನ್ನಿ, ಬೆಂಗಾ!

ಸ್ಪೇನಿನಲ್ಲಿ ಮನೆಯ ಫೋನು ಬಡಿದುಕೊಂಡರೆ ಎತ್ತಿಕೊಂಡವರು ಏನನ್ನುತ್ತಾರೆ ಗೊತ್ತೆ? ‘ದೀಗಾ!’ ಇನ್ನೊಂದಿಷ್ಟು ಎಳೆದರೆ ‘ದೀಗಾಮೆ!’ ದೀಗಾ ಎಂದರೆ ಹೇಳಿ. ದೀಗಾಮೆ ಎಂದರೆ ನನಗೆ ಹೇಳಿ. ಈಗ ನಮ್ಮವರನ್ನು ನೆನೆಸಿಕೊಳ್ಳಿ. ದಾವಣಗೆರೆಯ ಅಂಗಡಿಯವರಿರಲಿ, ಚಾಮರಾಜನಗರದ ಮೇಷ್ಟ್ರಿರಲಿ, ಫೋನು ಕಿವಿಗಿಟ್ಟು ಹೊರಡಿಸುವ ಮೊದಲ ಮಾತು ಯಾವುದು? ‘ಹಾಂ, ಹೇಳಿ!’ ಬೆಂಗಳೂರಿಗೂ ಮ್ಯಾಡ್ರಿಡ್ಡಿಗೂ ನಡುವೆ ಸುಮಾರು ಎಂಟು ಸಾವಿರ ಕಿಲೋಮೀಟರ್. ಎರಡು ನುಡಿಗಳಿಗೂ ರಕ್ತಸಂಬಂಧವಿಲ್ಲ, ಮದುವೆ ಸಂಬಂಧವೂ ಇಲ್ಲ. ಆದರೂ ಫೋನೆತ್ತಿದ ಕೂಡಲೇ ಇಬ್ಬರೂ ಕಾಣದ ಮನುಷ್ಯನಿಗೆ ಗೌರವದ ರೂಪದಲ್ಲಿ ಅಪ್ಪಣೆ ಕೊಡುತ್ತಾರೆ!

ಇಷ್ಟಕ್ಕೇ ನಿಲ್ಲುವುದಿಲ್ಲ. ಮೆಕ್ಸಿಕೋದಲ್ಲಿ ಅಮ್ಮ ಮಗನನ್ನು ಹೆಸರು ಹಿಡಿದು ಕೂಗಿದರೆ ಹಳೆಯ ಸಂಸ್ಕಾರದ ಮಗ ‘ಏನು?’ ಎನ್ನುವುದಿಲ್ಲ. ‘ಮಾಂದೆ?’ ಎನ್ನುತ್ತಾನೆ. ಅಪ್ಪಣೆ ಮಾಡಿ! ನಮ್ಮ ಯಕ್ಷಗಾನದ ಚಾರಕ ದೊರೆಯೆದುರು ಬಗ್ಗಿ ‘ಅಪ್ಪಣೆಯಾಗಲಿ’ ಎನ್ನುವುದನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸದೇ? ಹೊಸದಲ್ಲ. ಆದರೆ ಅಮೆರಿಕ ಖಂಡದ ಒಂದು ಅಡುಗೆಮನೆಯಲ್ಲಿ ಸಿಕ್ಕರೆ ಬೆಚ್ಚಿಬೀಳುತ್ತೇವೆ.

ಈ ಹುಚ್ಚು ನನಗೆ ಹತ್ತಿದ್ದು ದೇವಾಲದಲ್ಲಿ. ಗೂಡಲೂರಿನಿಂದ ನಾಡುಗಾಣಿ ಕೈಕಂಬದವರೆಗೆ ಬಂದು, ನಿಲಂಬೂರಿನ ಘಾಟಿಗೆ ಇಳಿಯದೆ ಪಂದಲೂರು, ಸುಲ್ತಾನ್ ಬತ್ತೇರಿಯ ದಾರಿ ಹಿಡಿದರೆ ಸಿಗುವ ಊರು. ನೀಲಗಿರಿ ಜಿಲ್ಲೆಯದೇ ಆದರೂ ಊಟಿಯ ಚಳಿ, ಊಟಿಯ ಜಂಬ ಎರಡೂ ಇಲ್ಲದ ಪಡುವಣ ಇಳಿಜಾರು. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಇದೂ ಒಂದು. ಮುಂಗಾರಿನಲ್ಲಿ ಚಹಾ ಗಿಡಗಳ ಸಾಲು ಬಿಟ್ಟರೆ ಬೇರೇನೂ ಕಾಣದು, ಕೆಲವೊಮ್ಮೆ ಅದೂ ಕಾಣದು. ಅಂಥ ಮಳೆಗೆ ಚಹಾದಂಗಡಿಯ ಬೆಂಚಿನಲ್ಲಿ ಸಿಕ್ಕಿಬಿದ್ದವನಿಗೆ ಫೋನಿನಲ್ಲಿ ಸ್ಪ್ಯಾನಿಷ್ ಪಾಠ ತೆರೆಯುವುದಕ್ಕಿಂತ ದೊಡ್ಡ ಕೆಲಸ ಇರಲಿಲ್ಲ. ಪಾಠ ‘ವಿಧ್ಯರ್ಥ’ಕ್ಕೆ ಬಂದಿತ್ತು: ಮಾಡು, ಮಾಡಿ, ಮಾಡೋಣ, ಮಾಡಬೇಡ. ಕಿವಿಯಲ್ಲಿ ಸ್ಪೇನಿನ ಅಪ್ಪಣೆಗಳು, ಕಿವಿಯ ಹೊರಗೆ ಅಂಗಡಿಯ ಅಪ್ಪಣೆಗಳು!

ಹೊರಗಿನವೇನು ಕಡಿಮೆಯೇ? ಮಲಯಾಳಿ ಅಂಗಡಿಯಾತ ಪರಿಚಯದವನಿಗೆ ‘ವಾ, ಇರಿ’ ಎನ್ನುತ್ತಾನೆ. ತೋಟದ ಕಡೆಯಿಂದ ಕೊಡೆ ಮಡಚುತ್ತ ಬಂದ ತಮಿಳು ಅಜ್ಜಿಗೆ ಒಳಗಿನಿಂದ ‘ವಾಂಗ, ಉಕ್ಕಾರುಂಗ’. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೈ ದಾಟಿ ತರಕಾರಿ ಹೊತ್ತು ಕೇರಳಕ್ಕೆ ಇಳಿಯುವ ಲಾರಿಗಳು ಇದೇ ನಾಡುಗಾಣಿಯ ಮೇಲೆ ಹಾಯಬೇಕು. ಅವುಗಳ ಚಾಲಕರು ಒಬ್ಬರಿಗೊಬ್ಬರು ‘ಬಾರೋ, ಬೇಗ ಹತ್ತೋ’. ಜಾರ್ಖಂಡಿನಿಂದ ಚಹಾ ತೋಟದ ಕೆಲಸಕ್ಕೆ ಬಂದ ಹುಡುಗರು ತಮ್ಮತಮ್ಮಲ್ಲೇ ‘ಮತ್ ಜಾ’. ಕಾಡಂಚಿನ ಹಾಡಿಗಳಲ್ಲಿ ಪಣಿಯರ ನುಡಿ, ಬೆಟ್ಟ ಕುರುಂಬರ ನುಡಿ, ಮುಳ್ಳು ಕುರುಂಬರ ನುಡಿ, ಕಾಟ್ಟುನಾಯಕರ ನುಡಿ. ಮೇಲಿನ ಹಟ್ಟಿಗಳಿಂದ ಬಂದವರು ಆಡುವ ಬಡಗು ಬೇರೆ. ಒಂದೇ ರಸ್ತೆಯ ಮೇಲೆ ಇಷ್ಟೊಂದು ಬಗೆಯ ‘ಬಾ’!

ಆ ‘ಬಾ’ವನ್ನೇ ನೋಡಿ. ತಮಿಳು, ಮಲಯಾಳಗಳಲ್ಲಿ ವಾ. ಕನ್ನಡದಲ್ಲೂ ಬಡಗಿನಲ್ಲೂ ಬಾ. ಪದದ ಮೊದಲಿನ ವಕಾರ ಕನ್ನಡದ ಬಾಯಲ್ಲಿ ಬಕಾರವಾದದ್ದು ಬಹಳ ಹಿಂದೆಯೇ ಆದ ಮಾತು. ವೇರು ಬೇರಾಯಿತು, ವಿಲ್ಲು ಬಿಲ್ಲಾಯಿತು. ದೇವಾಲದ ಬೆಂಚಿನ ಮೇಲೆ ಆ ಗೆರೆ ಕಿವಿಗೇ ಕೇಳುತ್ತದೆ. ಅತ್ತ ಸ್ಪೇನಿನವರು ಏನು ಮಾಡಿದರು? ಲ್ಯಾಟಿನ್ನಿನಿಂದ ಬಂದ ‘ವ’ ಅಕ್ಷರವನ್ನು ಬರೆಯುವುದಕ್ಕೆ ಉಳಿಸಿಕೊಂಡು ಬಾಯಲ್ಲಿ ಬಕಾರ ಮಾಡಿಕೊಂಡರು! ‘ಬಾ’ ಎನ್ನಲು ಅವರು ಬರೆಯುವುದು ವೆನ್, ಕೇಳಿಸುವುದು ಬೆನ್. ‘ಬನ್ನಿ’ ಎನ್ನಲು ಬರೆಯುವುದು ವೆಂಗಾ, ಕೇಳಿಸುವುದು ಬೆಂಗಾ. ‘ಹೋಗೋಣ’ ಎನ್ನಲು ಬಾಮೋಸ್. ಕನ್ನಡದ ಕಿವಿ ‘ಬಾ’ ಎಂದುಕೊಂಡು ಹತ್ತಿರ ಬರುವಷ್ಟರಲ್ಲಿ ಹೇಳಿದವನು ಆಚೆ ಹೊರಟಿರುತ್ತಾನೆ. ಇವೆಲ್ಲ ಕಾಕತಾಳೀಯ, ಇದರ ಮೇಲೆ ವಂಶವೃಕ್ಷ ಕಟ್ಟುವ ಉತ್ಸಾಹಿಗಳು ದಯವಿಟ್ಟು ಸುಮ್ಮನಿರಿ. ನನ್ನನ್ನು ಕಂಗೆಡಿಸಿದ್ದು ಸದ್ದಿನ ಸಾಮ್ಯವಲ್ಲ, ಅದರ ಒಳಗಿನ ಯಂತ್ರ.

ಆ ಯಂತ್ರವನ್ನು ಬಿಚ್ಚೋಣ. ಸ್ಪ್ಯಾನಿಷಿನಲ್ಲಿ ‘ನೀನು’ ಎನ್ನಲು ತೂ, ‘ನೀವು’ ಎನ್ನಲು ಉಸ್ತೆದ್. ಮಾತಾಡು ಎನ್ನಲು ಆಬ್ಲಾ. ಮಾತಾಡಿ ಎನ್ನಲು ಆಬ್ಲೆ. ನೋಡು ಎನ್ನಲು ಮೀರಾ, ನೋಡಿ ಎನ್ನಲು ಮೀರೆ. ಸರಿ, ಆಕಾರ ಹೋಗಿ ಎಕಾರ ಬಂದರೆ ಗೌರವ, ಅರ್ಥವಾಯಿತು ಎಂದುಕೊಳ್ಳುತ್ತೀರಿ. ತಡೆಯಿರಿ! ತಿನ್ನು ಎನ್ನಲು ಕೋಮೆ. ತಿನ್ನಿ ಎನ್ನಲು ಕೋಮಾ! ಬರೆ ಎನ್ನಲು ಎಸ್ಕ್ರೀಬೆ, ಬರೆಯಿರಿ ಎನ್ನಲು ಎಸ್ಕ್ರೀಬಾ! ಇಲ್ಲಿ ಎಕಾರ ಸಲಿಗೆಗೆ, ಆಕಾರ ಗೌರವಕ್ಕೆ. ಅಲ್ಲಿದ್ದದ್ದು ಇಲ್ಲಿಗೆ, ಇಲ್ಲಿದ್ದದ್ದು ಅಲ್ಲಿಗೆ! ಧಾತು ‘ಆರ್’ ಗುಂಪಿನದಾದರೆ ಅದರ ಸಹಜ ಸ್ವರ ಆ, ಗೌರವಕ್ಕೆ ಎ ಸಾಲ ಪಡೆಯುತ್ತದೆ. ‘ಎರ್’, ‘ಈರ್’ ಗುಂಪಿನದಾದರೆ ಸಹಜ ಸ್ವರ ಎ, ಗೌರವಕ್ಕೆ ಆ ಸಾಲ ಪಡೆಯುತ್ತದೆ. ಇಡೀ ಭಾಷೆಯ ಮರ್ಯಾದೆ ಎರಡು ಸ್ವರಗಳ ಕೊಡುಕೊಳ್ಳುವಿಕೆಯಲ್ಲಿ ನಡೆಯುತ್ತಿದೆ. ನಾವು ‘ಇ’ ಎಂದು, ‘ಇರಿ’ ಎಂದು ಬಾಲ ಸೇರಿಸಿ ಗೌರವ ಕೊಡುತ್ತೇವೆ. ಅವರು ಏನೂ ಸೇರಿಸದೆ ಇದ್ದ ಸ್ವರವನ್ನೇ ತಿರುಗಿಸಿಬಿಡುತ್ತಾರೆ. ಮಾವನೆದುರು ಒಂದು ಸ್ವರ ತಪ್ಪಿದರೆ ಮುಗಿಯಿತು!

ಯಾಕೆ ಹೀಗೆ? ಉತ್ತರ ಉಸ್ತೆದ್ ಎಂಬ ಮಾತಿನ ಹೊಟ್ಟೆಯಲ್ಲಿದೆ. ಅದು ಮೊದಲು ಬ್ವೆಸ್ತ್ರಾ ಮೆರ್ಸೆದ್ ಆಗಿತ್ತು. ‘ತಮ್ಮ ಕೃಪೆ’ ಎನ್ನುವಂಥ ಮಾತು. ಜನ ಅದನ್ನು ಶತಮಾನಗಳ ಕಾಲ ಜಗಿದು ಜಗಿದು ಉಸ್ತೆದ್ ಮಾಡಿದರು. ಅಂದರೆ ಎದುರಿಗೆ ನಿಂತ ಮನುಷ್ಯನನ್ನು ನೇರವಾಗಿ ‘ನೀನು’, ‘ನೀವು’ ಎನ್ನದೆ, ಅವನ ಕೃಪೆಯೆಂಬ ಮೂರನೆಯ ಪುರುಷನನ್ನು ಮಾತಾಡಿಸುವುದು. ಮೂರನೆಯವರಿಗೆ ಅಪ್ಪಣೆ ಕೊಡಲಾದೀತೆ? ಆಗದು, ಹಾರೈಸಬಹುದು ಅಷ್ಟೆ. ಹಾಗಾಗಿ ಆಸೆ, ಸಂದೇಹ, ಹಾರೈಕೆಗಳಿಗೆಂದು ಮೀಸಲಾಗಿದ್ದ ಕ್ರಿಯಾರೂಪವನ್ನು ತಂದು ಅಪ್ಪಣೆಯ ಜಾಗದಲ್ಲಿ ಕೂರಿಸಿದರು. ಆಬ್ಲೆ ಎಂದರೆ ಅಕ್ಷರಶಃ ‘ತಮ್ಮ ಕೃಪೆ ಮಾತಾಡಲಿ!’

ಈಗ ನಮ್ಮ ಹಳೇ ಮೈಸೂರಿನ ಮನೆಗಳಿಗೆ ಬನ್ನಿ. ‘ಸ್ವಾಮಿಗಳು ದಯಮಾಡಿಸಬೇಕು.’ ‘ಬುದ್ಧಿಯವರು ಊಟಕ್ಕೆ ಏಳಬೇಕು.’ ಇನ್ನೂ ಏರಿದರೆ ‘ದಯಮಾಡಿಸೋಣವಾಗಲಿ.’ ಎದುರಿಗೇ ನಿಂತವರನ್ನು ಪ್ರಥಮಪುರುಷಕ್ಕೆ ತಳ್ಳಿ, ‘ಲಿ’ ಹಚ್ಚಿ, ಅಪ್ಪಣೆಯನ್ನು ಹಾರೈಕೆ ಮಾಡಿಬಿಡುವ ಅದೇ ಉಪಾಯ! ಸ್ಪ್ಯಾನಿಷ್ ಆಸ್ಥಾನದಲ್ಲಿ ಹುಟ್ಟಿದ ನಯ ಅಲ್ಲಿ ವ್ಯಾಕರಣವಾಗಿ ಗಟ್ಟಿಯಾಯಿತು. ನಮ್ಮಲ್ಲಿ ಅರಮನೆ, ಮಠ, ಜಮೀನ್ದಾರಿ ಮನೆಗಳ ಮಾತಾಗಿ ನಿಂತಿತು. ಅಂದಹಾಗೆ, ಉಣ್ಣಲು ಕೂರಬೇಕಾದವರಿಗೆ ನಾವು ‘ಏಳಿ’ ಎನ್ನುತ್ತೇವಲ್ಲ, ಅದನ್ನು ಸ್ಪ್ಯಾನಿಷರಿಗೆ ವಿವರಿಸುವ ಧೈರ್ಯ ನನಗಿಲ್ಲ.

‘ಲಿ’ ಎಂದೆನಲ್ಲ, ಅದರ ಮೇಲೆ ಇನ್ನೊಂದು ಗಳಿಗೆ ನಿಲ್ಲಬೇಕು. ನಮ್ಮ ಶಾಲಾ ವ್ಯಾಕರಣ ವಿಧ್ಯರ್ಥವನ್ನು ‘ಮಾಡು’ ಒಂದಕ್ಕೇ ಕಟ್ಟಿಹಾಕಲಿಲ್ಲ: ನೀನು ಮಾಡು, ನೀವು ಮಾಡಿರಿ, ಅವನು ಮಾಡಲಿ, ನಾವು ಮಾಡೋಣ, ಎಲ್ಲವನ್ನೂ ಒಂದೇ ಚಾವಡಿಯಲ್ಲಿ ಕೂರಿಸಿತು. ಸ್ಪ್ಯಾನಿಷಿನ ಪಟ್ಟಿಯೂ ಹಾಗೆಯೇ ತುಂಬುತ್ತದೆ. ‘ಮಾತಾಡೋಣ’ ಎಂಬುದಕ್ಕೆ ಆಬ್ಲೇಮೋಸ್, ‘ತಿನ್ನೋಣ’ ಎಂಬುದಕ್ಕೆ ಕೊಮಾಮೋಸ್, ‘ಅವನು ಬರಲಿ’ ಎಂಬುದಕ್ಕೆ ಕೆ ಬೆಂಗಾ. ಇಂಗ್ಲಿಷಿನಿಂದ ಸ್ಪ್ಯಾನಿಷ್ ಕಲಿಯುವವರು ಈ ಜಾಗದಲ್ಲಿ ಬೆವರುತ್ತಾರೆ. ಅವರಿಗೆ ಇದಕ್ಕೆಲ್ಲ ಬೇರೆ ಬೇರೆ ಕೈಮರ ಬೇಕು. ಕನ್ನಡಿಗನಿಗೆ ಇದು ತನ್ನದೇ ಮನೆಯ ನಕ್ಷೆ. ‘ಬೀವಾ ಮೆಹಿಕೋ!’ ಎಂದು ಜನ ಕೂಗುತ್ತಾರಲ್ಲ, ಆ ಬೀವಾ ಬೇರೇನೂ ಅಲ್ಲ, ‘ಬಾಳಲಿ’. ನವೆಂಬರಿನಲ್ಲಿ ನಾವು ‘ಜಯವಾಗಲಿ’ ಎಂದು ಗಂಟಲು ಹರಿದುಕೊಳ್ಳುವಾಗಲೂ ಇದೇ ಕ್ರಿಯಾರೂಪ ಕೆಲಸ ಮಾಡುತ್ತಿರುತ್ತದೆ.

ಅಪ್ಪಣೆಯಲ್ಲಿ ಏನು ಮಾಡಬೇಕೆಂಬುದು ಚಿಕ್ಕ ಸಂಗತಿ. ಯಾರು ಯಾರಿಗೆ ಏನಾಗಬೇಕು ಎಂಬುದೇ ದೊಡ್ಡದು. ಇದನ್ನು ದೇವಾಲದ ಸುತ್ತಲಿನ ತೋಟಗಳು ಪುಸ್ತಕಕ್ಕಿಂತ ಚೆನ್ನಾಗಿ ಬಲ್ಲವು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲಂಬೊದಲ್ಲಿ ಎ. ಎಂ. ಫರ್ಗುಸನ್ ಎಂಬವರು ಒಂದು ಜೇಬು ಕೈಪಿಡಿ ತಂದರು. ತೋಟಕ್ಕೆ ಹೊಸದಾಗಿ ಬಂದಿಳಿದ ಬಿಳಿಯ ‘ಸಿನ್ನ ದೊರೆ’ಗೆ ಕೂಲಿಯಾಳುಗಳ ತಮಿಳು ಕಲಿಸುವ ಪುಸ್ತಕ. ಅದರ ಹೆಸರೇನು ಗೊತ್ತೆ? ‘ಇಂಗೇ ವಾ’! ಇಲ್ಲಿ ಬಾ! ವಾಂಗ ಅಲ್ಲ, ವಾರುಂಗಳ್ ಅಲ್ಲ, ವಾ. ಒಂದು ಇಡೀ ಭಾಷೆಯ ಪರಿಚಯ ಏಕವಚನದ ಅಪ್ಪಣೆಯಿಂದ ಶುರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಸಿಂಹಳದ ತೋಟಗಳ ಆ ತಮಿಳರ ಮಕ್ಕಳು ಮೊಮ್ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ನೀಲಗಿರಿಗೆ ಬಂದರು; ಅವರಿಗೆ ನೆಲೆ ಕೊಡಲೆಂದೇ ಸರ್ಕಾರ ಗೂಡಲೂರು, ಪಂದಲೂರು ಕಡೆಗಳಲ್ಲಿ ಚಹಾ ತೋಟ ಎಬ್ಬಿಸಿತು, ಅದೇ ಇವತ್ತಿನ ಟ್ಯಾನ್‌ಟೀ. ‘ವಾ’ ಕೇಳಿಸಿಕೊಂಡವರ ವಂಶದ ಅಜ್ಜಿಗೆ ದೇವಾಲದ ಅಂಗಡಿಯಲ್ಲಿ ಇವತ್ತು ‘ವಾಂಗ’ ಸಿಗುತ್ತಿದೆ. ಒಂದು ಪ್ರತ್ಯಯದಲ್ಲಿ ಎಷ್ಟು ಇತಿಹಾಸ!

ಸ್ಪ್ಯಾನಿಷಿಗೂ ಈ ಬೆಟ್ಟಕ್ಕೂ ಏನು ಸಂಬಂಧ ಎಂದು ಕೇಳುವವರು ಗೂಡಲೂರಿನಿಂದ ಘಾಟಿ ಹತ್ತಿ ನಡುವಟ್ಟಕ್ಕೆ ಹೋಗಲಿ. ಮಲೇರಿಯಾಕ್ಕೆ ಮದ್ದಾದ ಕ್ವಿನೈನಿನ ಸಿಂಕೋನಾ ಮರ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿಗೂ, ರಿಚರ್ಡ್ ಸ್ಪ್ರೂಸ್ ಇಕ್ವೆಡಾರಿಗೂ ಹೊಕ್ಕು ಗಿಡ, ಬೀಜ ಸಂಗ್ರಹಿಸಿದರು. ರಾಬರ್ಟ್ ಕ್ರಾಸ್ ಎಂಬ ತೋಟಗಾರ ಸ್ಪ್ರೂಸ್ ಕೂಡಿಸಿದ ಸಸಿಗಳನ್ನು ಸಮುದ್ರ ದಾಟಿಸಿ ನೀಲಗಿರಿಗೆ ತಂದ. ದೊಡ್ಡಬೆಟ್ಟದಲ್ಲೂ ನಡುವಟ್ಟದಲ್ಲೂ ತೋಟ ಎದ್ದವು, ನಡುವಟ್ಟದಲ್ಲಿ ಚೀನೀ ಕೈದಿಗಳನ್ನು ಕೂಡಿಹಾಕಿ ದುಡಿಸಿದರು. ಸ್ಪ್ಯಾನಿಷ್ ಬಲ್ಲ ಮಾರ್ಕಮ್ ಮುಂದೆ ಆ ಭಾಷೆಯ ಹಳೆಯ ಚರಿತ್ರೆಗಳನ್ನು ಇಂಗ್ಲಿಷಿಗೆ ತಂದವನು. ಹೊರು, ಇಳಿಸು, ಹುಷಾರು, ನೀರು ಹಾಕು ಎಂಬ ಮಾತುಗಳನ್ನು ಆ ಸಸಿಗಳು ಮೊದಲು ಕೇಳಿದ್ದು ಸ್ಪ್ಯಾನಿಷ್ ಆಳಿದ ಸೀಮೆಯಲ್ಲಿ, ಆಮೇಲೆ ಕೇಳಿದ್ದು ನಮ್ಮ ಬೆಟ್ಟದ ನುಡಿಗಳಲ್ಲಿ.

ಇಷ್ಟೆಲ್ಲ ಅಚ್ಚರಿ ಒಂದು ತೂಕವಾದರೆ, ‘ಬೇಡ’ದ್ದೇ ಒಂದು ತೂಕ. ಇಲ್ಲಿ ನಾನು ನಿಜಕ್ಕೂ ಚಹಾ ಆರಲು ಬಿಟ್ಟೆ.

ಮಾತಾಡು ಎನ್ನಲು ಆಬ್ಲಾ. ಸ್ಪ್ಯಾನಿಷಿನಲ್ಲಿ ಇಲ್ಲ ಎನ್ನಲು ನೊ. ಹಾಗಾದರೆ ಮಾತಾಡಬೇಡ ಎನ್ನಲು ‘ನೊ ಆಬ್ಲಾ’ ಆಗಬೇಕಲ್ಲವೇ? ಆಗುವುದಿಲ್ಲ! ‘ನೊ ಆಬ್ಲೆಸ್’ ಆಗುತ್ತದೆ. ಗೌರವಕ್ಕೆಂದು ಇಟ್ಟಿದ್ದ ಆ ತಿರುಗಿದ ಸ್ವರ, ಆ ಹಾರೈಕೆಯ ರೂಪ, ಸಲಿಗೆಯವರಿಗೂ ಕಾಲಿಡುತ್ತದೆ, ‘ಬೇಡ’ ಎನ್ನುವ ಕ್ಷಣದಲ್ಲಿ ಮಾತ್ರ. ಕೋಮೆ, ತಿನ್ನು. ನೊ ಕೋಮಾಸ್, ತಿನ್ನಬೇಡ. ಬೆನ್, ಬಾ. ನೊ ಬೆಂಗಾಸ್, ಬರಬೇಡ. ಮಾಡು ಎನ್ನಲು ಒಂದು ಬಾಗಿಲು, ಮಾಡಬೇಡ ಎನ್ನಲು ಬೇರೆಯದೇ ಬಾಗಿಲು!

ವಿಚಿತ್ರ ಎಂದುಕೊಂಡು ತಲೆಯೆತ್ತಿದೆ. ಅಂಗಡಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು! ಕನ್ನಡದಲ್ಲಿ ‘ಮಾಡು ಇಲ್ಲ’ ಎನ್ನುತ್ತೇವೆಯೇ? ಧಾತುವನ್ನು ‘ಮಾಡ’ ಎಂದು ಬಗ್ಗಿಸಿ, ಅದರ ಹಿಂದೆ ಇಷ್ಟವಿಲ್ಲ ಎಂಬುದಕ್ಕಿರುವ ‘ಬೇಡ’ವನ್ನು ನಿಲ್ಲಿಸುತ್ತೇವೆ. ತಮಿಳಿನಲ್ಲಿ ಪೋ ಎಂಬುದಕ್ಕೆ ಪೋಗಾದೇ. ಆ ‘ಆದೇ’ ಬೇರೆಲ್ಲೂ ಇಲ್ಲದ ಬಾಲ. ಮಲಯಾಳದಲ್ಲಿ ಪೋ ಎಂಬುದಕ್ಕೆ ಪೋಗರುದ್. ಹಿಂದಿಯ ಹುಡುಗರು ‘ನಹೀ’ ಎಂಬ ಮಾಮೂಲಿ ನಿಷೇಧವನ್ನು ಬದಿಗಿಟ್ಟು ‘ಮತ್’ ಎಂಬ ವಿಶೇಷ ಪದವನ್ನು ಕರೆಯುತ್ತಾರೆ. ನಾಲ್ಕು ನುಡಿ, ನಾಲ್ಕು ದಾರಿ. ಆದರೆ ಒಬ್ಬರೂ ‘ಮಾಡು’ವಿಗೆ ‘ಇಲ್ಲ’ ಕೂಡಿಸಿ ಕೈತೊಳೆದುಕೊಂಡಿಲ್ಲ!

ಇದು ನಮ್ಮ ಬೆಂಚಿನ ಭ್ರಮೆಯಲ್ಲ. ಯೋಹಾನ್ ಫಾನ್ ಡೆರ್ ಔವೆರಾ ಮತ್ತು ಲೂಡೊ ಲೆಜ್ಯೂನ್ ಎಂಬ ಭಾಷಾವಿಜ್ಞಾನಿಗಳು 2005ರಲ್ಲಿ ಹೊರಬಂದ ಲೋಕಭಾಷೆಗಳ ರಚನಾ ನಕಾಶೆಗಾಗಿ 495 ನುಡಿಗಳ ‘ಬೇಡ’ವನ್ನು ಜಾಲಾಡಿದರು. ಮಾಮೂಲಿ ಅಪ್ಪಣೆಗೆ ಮಾಮೂಲಿ ನಿಷೇಧ ಸೇರಿಸಿ ಸುಮ್ಮನಾಗುವ ನುಡಿಗಳು ಅವುಗಳಲ್ಲಿ 113 ಮಾತ್ರ. ಉಳಿದವು ಒಂದೋ ಕ್ರಿಯಾರೂಪ ಬದಲಿಸುತ್ತವೆ, ಇಲ್ಲವೇ ನಿಷೇಧದ ಪದ ಬದಲಿಸುತ್ತವೆ, ಇಲ್ಲವೇ ಎರಡನ್ನೂ ಬದಲಿಸುತ್ತವೆ. ಸ್ಪ್ಯಾನಿಷ್ ಕ್ರಿಯೆಯನ್ನು ಬದಲಿಸುವ ಗುಂಪಿನದು, ಹಿಂದಿ ನಿಷೇಧಪದ ಬದಲಿಸುವ ಗುಂಪಿನದು. ಮನುಷ್ಯಜಾತಿಯ ಬಹುಪಾಲು, ತಮ್ಮತಮ್ಮಲ್ಲಿ ಸಮಾಲೋಚಿಸದೆ, ‘ಬೇಡ’ ಎಂಬುದು ‘ಮಾಡು’ವಿನ ಕಳೆಯುವ ಲೆಕ್ಕ ಅಲ್ಲ ಎಂದು ತೀರ್ಮಾನಿಸಿಬಿಟ್ಟಿದೆ. ನನಗನ್ನಿಸುವುದು: ಮಾಡು ಎಂದರೆ ಕೆಲಸ ಹೇಳಿದ ಹಾಗೆ; ಬೇಡ ಎಂದರೆ ಇನ್ನೊಬ್ಬನ ಇಚ್ಛೆಗೆ ಅಡ್ಡ ನಿಂತ ಹಾಗೆ. ಅಡ್ಡ ನಿಲ್ಲುವವನು ಸ್ವಲ್ಪ ಸುತ್ತಿ ಬಳಸಿ ಬರುತ್ತಾನೆ.

ಇನ್ನೂ ಒಂದಿದೆ, ಇದು ಎಲ್ಲಕ್ಕಿಂತ ಮೇಲೆ! ಸ್ಪ್ಯಾನಿಷಿನ ತಾಯಿ ಲ್ಯಾಟಿನ್ ‘ಬೇಡ’ ಎನ್ನಲು ಬಳಸುತ್ತಿದ್ದ ಒಂದು ಉಪಾಯ ‘ನೋಲೀ’. ಇಷ್ಟಪಡದಿರು ಎಂದು ಅದರ ಅರ್ಥ. ಮುಟ್ಟಲು ಇಷ್ಟಪಡದಿರು ಎಂದರೆ ಮುಟ್ಟಬೇಡ. ಫಿಲಿಪ್ಪೀನ್ಸಿನ ಹೋಸೆ ರಿಸಾಲ್ 1887ರಲ್ಲಿ ಸ್ಪ್ಯಾನಿಷಿನಲ್ಲಿ ಬರೆದ ಕಾದಂಬರಿಗೆ ಇಟ್ಟ ಹೆಸರು ಆ ಲ್ಯಾಟಿನ್ ಮಾತೇ, ‘ನೋಲೀ ಮೆ ತಾಂಗೆರೆ’, ನನ್ನನ್ನು ಮುಟ್ಟಬೇಡ. ಬಗ್ಗಿಸಿದ ಕ್ರಿಯೆ, ಜೊತೆಗೆ ‘ಇಷ್ಟವಿಲ್ಲ’ ಎಂಬ ಮಾತು. ಕನ್ನಡದ ‘ಮುಟ್ಟ’, ‘ಬೇಡ’ ಇದೇ ಕಟ್ಟಡ! ರೋಮಿನವರು ಕಟ್ಟಿದ್ದನ್ನು ಅವರ ಮಕ್ಕಳು ಬಿಟ್ಟುಕೊಟ್ಟರು, ನಾವು ಮಾತ್ರ ದಿನಕ್ಕೆ ನೂರು ಬಾರಿ ಮಕ್ಕಳ ಮೇಲೆ ಪ್ರಯೋಗಿಸುತ್ತಿದ್ದೇವೆ.

ಅಪ್ಪಣೆ ಎಷ್ಟು ಹೆಚ್ಚು ಬಳಕೆಯಾದರೆ ಅಷ್ಟು ಸವೆಯುತ್ತದೆ. ಸ್ಪ್ಯಾನಿಷ್ ಕಲಿಯುವವರೆಲ್ಲ ಬಾಯಿಪಾಠ ಮಾಡುವ ಎಂಟು ಮೊಂಡು ಕ್ರಿಯೆಗಳಿವೆ: ದಿ (ಹೇಳು), ಆಸ್ (ಮಾಡು), ಬೆ (ಹೋಗು), ಪೊನ್ (ಇಡು), ಸಾಲ್ (ಹೊರಡು), ಸೆ (ಆಗು), ತೆನ್ (ಹಿಡಿ), ಬೆನ್ (ಬಾ). ಎಲ್ಲವೂ ಒಂದೇ ಉಸಿರಿನವು. ಮೂಲ ಧಾತುವಿನ ಬಾಲ ಪೂರಾ ಉದುರಿದೆ. ಲ್ಯಾಟಿನ್ನಿನಲ್ಲೇ ಈ ಸವೆತ ಶುರುವಾಗಿತ್ತು. ಅಲ್ಲಿನ ಹುಡುಗರೂ ದೀಕ್, ದೂಕ್, ಫಾಕ್, ಫೆರ್ ಎಂದು ಉರು ಹೊಡೆಯುತ್ತಿದ್ದರು. ನಮ್ಮಲ್ಲಿ? ಬರುತ್ತೇನೆ, ಬರಲಿಲ್ಲ, ಬಂದೆ. ಅಪ್ಪಣೆಯಲ್ಲಿ ಮಾತ್ರ ‘ಬಾ’. ತರುತ್ತೇನೆ, ತರಲಿಲ್ಲ, ತಂದೆ. ಅಪ್ಪಣೆಯಲ್ಲಿ ಮಾತ್ರ ‘ತಾ’. ಕನ್ನಡದ ಸೊಂಟ ಮುರಿದ ಎರಡು ಕ್ರಿಯೆಗಳೂ ಮನೆಯೊಳಗೆ ಅತಿ ಹೆಚ್ಚು ದುಡಿದವೇ.

ಇದರ ನಡುವೆ ಒಂದು ಸಂಗತಿ ಕಣ್ಣಿಗೆ ಬಿದ್ದು ಗಾಬರಿಯೇ ಆಯಿತು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ತೆರೆಯಿರಿ. ಅಳು, ಆಡು, ಇಳಿ, ಓಡು, ಕೊಡು, ನಡೆ. ಸ್ಪ್ಯಾನಿಷ್ ನಿಘಂಟಿನಲ್ಲಿ ಕ್ರಿಯೆಗಳು ‘ಮಾತಾಡುವುದು’, ‘ತಿನ್ನುವುದು’ ಎಂದು ಗಂಭೀರವಾಗಿ ನಿಂತಿರುತ್ತವೆ. ಕನ್ನಡದಲ್ಲಿ ಬರಿಯ ಧಾತುವೇ ಅಪ್ಪಣೆ, ಹಾಗಾಗಿ ನಮ್ಮ ನಿಘಂಟು ಪುಟಪುಟಕ್ಕೂ ಓದುಗನಿಗೆ ಆಜ್ಞೆ ಕೊಡುತ್ತಲೇ ಇರುತ್ತದೆ! ಇಷ್ಟು ವರ್ಷ ಅದನ್ನು ಮಗುಚಿದರೂ ಗಮನಿಸಿದ್ದಿಲ್ಲ.

ಅಪ್ಪಣೆಯ ಬಾಲಕ್ಕೆ ಯಾರು ಏನನ್ನು ಅಂಟಿಸುತ್ತಾರೆ ಎಂಬುದರಲ್ಲಿ ಮಾತ್ರ ದಾರಿ ಬೇರೆ. ಸ್ಪ್ಯಾನಿಷಿನಲ್ಲಿ ದಿ ಎಂದರೆ ಹೇಳು. ದೀಮೆ ಎಂದರೆ ನನಗೆ ಹೇಳು. ದೀಮೆಲೊ ಎಂದರೆ ಅದನ್ನು ನನಗೆ ಹೇಳು. ಯಾರಿಗೆ, ಏನನ್ನು ಎಂಬ ಎರಡೂ ಬಾಲಕ್ಕೆ. ಅದೇ ‘ಬೇಡ’ವಾದರೆ ಬಾಲ ಕಿತ್ತು ತಲೆಯ ಕಡೆ ಓಡುತ್ತದೆ: ನೊ ಮೆ ಲೊ ದೀಗಾಸ್! ನಾವು ಬಾಲಕ್ಕೆ ಅಂಟಿಸುವುದು ಕೇಳುವವನನ್ನೇ. ಬಾರೋ, ಬಾರೇ, ಬಾರಯ್ಯ, ಬಾರಮ್ಮ, ಬನ್ರಪ್ಪಾ. ಧಾರವಾಡದ ಕಡೆ ಬರ್ರಿ, ಕೂಡ್ರಿ. ಸ್ಪ್ಯಾನಿಷಿನ ಅಪ್ಪಣೆ ಕೇಳಿದರೆ ವಸ್ತು ಯಾರ ಕೈಯಿಂದ ಯಾರ ಕೈಗೆ ಎಂದು ತಿಳಿಯುತ್ತದೆ. ಕನ್ನಡದ ಅಪ್ಪಣೆ ಕೇಳಿದರೆ ಎದುರಿರುವವನು ಗಂಡೋ ಹೆಣ್ಣೋ, ಗೆಳೆಯನೋ ಅಳಿಯನೋ ಎಂದು ಗೋಡೆಯಾಚೆಗೂ ತಿಳಿಯುತ್ತದೆ. ‘ಸ್ಯೆಂತಾತೆ’ ಎಂಬ ಅವರ ‘ಕೂತುಕೋ’ವಿನಲ್ಲಿರುವ ‘ತೆ’ ನಮ್ಮ ‘ಕೋ’ವಿನ ಕೆಲಸವನ್ನೇ ಮಾಡುತ್ತದೆ, ಕೆಲಸದ ಫಲ ಮಾಡುವವನ ಮೈಮೇಲೇ ಬರುವುದನ್ನು ತೋರಿಸುತ್ತದೆ. ‘ಕೋಮೆತೆಲೊ’ ಎಂದರೆ ಬರಿದೆ ತಿನ್ನು ಅಲ್ಲ, ‘ತಿಂದುಬಿಡು’. ‘ಬೇತೆ’ ಎಂದರೆ ಬರಿದೆ ಹೋಗು ಅಲ್ಲ, ‘ಹೊರಟುಹೋಗು’. ಈ ‘ಕೋ’, ‘ಬಿಡು’, ‘ಹೋಗು’ಗಳ ಸೂಕ್ಷ್ಮವನ್ನು ಯಾವ ಇಂಗ್ಲಿಷ್ ಪುಸ್ತಕವೂ ನಮಗೆ ಹೇಳಿಕೊಡಲಾರದು. ಹೇಳಿಕೊಡಬೇಕಾಗಿಯೂ ಇಲ್ಲ.

ಮರ್ಯಾದೆಯ ಮೆಟ್ಟಿಲು ಕುಸಿಯುವುದನ್ನೂ ಅಪ್ಪಣೆಯಲ್ಲೇ ಕಾಣಬಹುದು. ಹಿಂದೆ ಸ್ಪೇನಿನಲ್ಲಿ ದೊಡ್ಡವರಿಗೆ ಮೀಸಲಾಗಿದ್ದ ‘ಬೋಸ್’ ಅರ್ಜೆಂಟೀನಾಕ್ಕೆ ಹೋಗಿ ಗೆಳೆಯರ ಹೆಗಲ ಮೇಲಿನ ಕೈಯಾಯಿತು. ಅಲ್ಲಿ ಬಾ ಎನ್ನಲು ಬೆನ್ ಅಲ್ಲ, ‘ಬೆನೀ’. ಬೊಗೊಟಾದಲ್ಲಿ ಗಂಡಹೆಂಡಿರು, ಅಣ್ಣತಮ್ಮಂದಿರು ಕೂಡ ಉಸ್ತೆದ್ ಎಂದುಕೊಳ್ಳುತ್ತಾರೆ. ಆದರೆ ದೇವರ ವಿಷಯಕ್ಕೆ ಬಂದರೆ ಸ್ಪ್ಯಾನಿಷರು ಸೀದಾ ತೂ. ನಾವೂ ‘ಕಾಪಾಡಪ್ಪಾ’ ಎಂದೇ ಏಕವಚನದಲ್ಲಿ ಕೈಮುಗಿಯುವುದು. ಸ್ಪೇನಿನ ರಾಯಲ್ ಭಾಷಾ ಅಕಾಡೆಮಿಗೂ ಒಂದು ಅಪ್ಪಣೆ ಬಗ್ಗದೆ ಉಳಿಯಿತು. ‘ಹೊರಡಿರೋ’ ಎಂಬುದಕ್ಕೆ ವ್ಯಾಕರಣದ ರೂಪ ಈದೋಸ್. ಜನ ತಲೆಮಾರುಗಳಿಂದ ಅಂದದ್ದು ಈರೋಸ್. 2017ರಲ್ಲಿ ಅಕಾಡೆಮಿ ಸೋತು ಈರೋಸನ್ನೂ ಒಪ್ಪಿಕೊಂಡಿತು. ಅಪ್ಪಣೆಯ ವಿಷಯದಲ್ಲಿ ಅಪ್ಪಣೆ ಕೊಡಲು ಹೋದವರ ಗತಿ!

ಅಪ್ಪಣೆ ಮನುಷ್ಯರಿಗಷ್ಟೇ ಅಲ್ಲ. ಪಂದಲೂರು, ದೇವಾಲದ ಕಡೆ ಕಾಡಾನೆ ತೋಟಕ್ಕಿಳಿದರೆ ಮುದುಮಲೈನ ತೆಪ್ಪಕಾಡು ಶಿಬಿರದಿಂದ ಪಳಗಿದ ಕುಮ್ಕಿ ಆನೆಗಳು ಬರುತ್ತವೆ. ಮಾವುತರಲ್ಲಿ ಬೆಟ್ಟ ಕುರುಂಬರಿದ್ದಾರೆ, ಕಾಟ್ಟುನಾಯಕರಿದ್ದಾರೆ. 2023ರ ಆಸ್ಕರ್ ಗೆದ್ದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರದ ಬೊಮ್ಮನ್, ಬೆಳ್ಳಿ ಅದೇ ಶಿಬಿರದವರು. ಬೆಟ್ಟ ಕುರುಂಬರ ನುಡಿಗೆ ಗೇಲ್ ಕೊಯೆಲ್ಹೊ 2003ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಒಂದು ಇಡೀ ವ್ಯಾಕರಣ ಬರೆದಿದ್ದಾರೆ. ಆನೆಗೆ ಆ ವ್ಯಾಕರಣದಲ್ಲಿ ಬೇಕಾದದ್ದು ವಿಧ್ಯರ್ಥ ಒಂದೇ. ಕಿವಿಯ ಹಿಂದೆ ಕಾಲ್ಬೆರಳಿನ ಒತ್ತು, ಬಾಯಲ್ಲೊಂದು ತುಂಡು ಮಾತು, ಮೂರು ಟನ್ನಿನ ಮೈ ತಿರುಗುತ್ತದೆ. ಭೂತಕಾಲ, ಭವಿಷ್ಯತ್ಕಾಲ, ಸಮಾಸ ಯಾವುದೂ ಬೇಡ.

ಆನೆಗೆ ಸಾಕಾದದ್ದು ಮನುಷ್ಯನಿಗೂ ಮೊದಲ ಮೆಟ್ಟಿಲಿಗೆ ಸಾಕು ಎಂದು ಕಂಡುಕೊಂಡವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್. 1960ರ ದಶಕದಲ್ಲಿ ಅವರು ರೂಪಿಸಿದ ಭಾಷಾಬೋಧನೆಯಲ್ಲಿ ಪಟ್ಟಿ ಇಲ್ಲ, ಕಂಠಪಾಠ ಇಲ್ಲ: ಏಳು, ಕೂರು, ಬಾಗಿಲು ತೆರೆ, ಪುಸ್ತಕ ಕೊಡು ಎಂದು ಶಿಕ್ಷಕ ಹೇಳುತ್ತಾನೆ, ವಿದ್ಯಾರ್ಥಿ ಮಾಡುತ್ತಾನೆ. ಮಗು ಭಾಷೆ ಕಲಿಯುವುದೂ ಹೀಗೆಯೇ, ಬಾಯಿ ಬರುವ ಮೊದಲೇ ‘ಬಾ’, ‘ತಾ’, ‘ಕೊಡು’ಗಳಿಗೆ ಮೈ ಓಡಿಸಿ ಎಂಬುದು ಅವರ ವಾದ. ಅಮೆರಿಕದ ಸ್ಪ್ಯಾನಿಷ್ ತರಗತಿಗಳಲ್ಲಿ ಇದು ಇಂದಿಗೂ ಜೀವಂತ.

ಕನ್ನಡಿಗರಿಗೆ ನನ್ನ ಒತ್ತಾಯವೂ ಇಷ್ಟೇ. ಸ್ಪ್ಯಾನಿಷ್ ಪುಸ್ತಕಗಳು ವಿಧ್ಯರ್ಥವನ್ನು ಕೊನೆಯ ಅಧ್ಯಾಯಗಳಿಗೆ ತಳ್ಳಿರುತ್ತವೆ, ಯಾಕೆಂದರೆ ಅವು ಇಂಗ್ಲಿಷ್ ಮನೆಯವರಿಗಾಗಿ ಬರೆದವು. ನೀವು ಆ ಕ್ರಮ ಪಾಲಿಸಬೇಡಿ. ಆ ಅಧ್ಯಾಯವನ್ನೇ ಮೊದಲು ತೆರೆಯಿರಿ. ಬೆನ್, ಮೀರಾ, ದೀಮೆ, ಎಸ್ಪೇರಾ (ತಾಳು), ನೊ ತೆ ಬಾಯಾಸ್ (ಹೋಗಬೇಡ), ಈ ಐದನ್ನು ಕಲಿತು, ಐದಕ್ಕೂ ದೊಡ್ಡವರಿಗೆ ಹೇಳುವ ರೂಪ ಮಾಡಿ ನೋಡಿ. ತಪ್ಪಾದರೆ ಅಂಜಬೇಡಿ, ಸ್ಪ್ಯಾನಿಷ್ ಬಲ್ಲವರು ಸಿಕ್ಕರೆ ತಿದ್ದಲು ಕೇಳಿ. ಅದಕ್ಕೂ ಅಪ್ಪಣೆಯೊಂದು ಸಿದ್ಧವಾಗಿದೆ: ‘ಕೊರ್ರೀಹಾಮೆ, ಪೋರ್ ಫಾವೋರ್.’ ದಯವಿಟ್ಟು ನನ್ನನ್ನು ತಿದ್ದಿ.